ಒ.ಎನ್.ಟಿ. ಮತ್ತು ರೂಟರ್: ಪಂಚಾಯತಿ ಕಚೇರಿಯಲ್ಲಿ ಎರಡನ್ನೂ ಹೊಂದಿಸುವ ಕ್ರಮ



ಇ-ಸ್ವತ್ತು ದಾಖಲೆಗಾಗಿ ಕಚೇರಿಗೆ ಬಂದವರು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂತಿರುಗಿದರೆ ಅವರಿಗೆ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಆದರೆ ದೋಷವು ಯಾವಾಗಲೂ ಸರ್ವರ್‌ನದೇ ಆಗಿರುವುದಿಲ್ಲ. ಕಚೇರಿಯಲ್ಲಿರುವ ಎರಡು ಉಪಕರಣಗಳ ಜೋಡಣೆ ತಪ್ಪಿದ್ದರೂ ಇದೇ ಲಕ್ಷಣ ಕಾಣುತ್ತದೆ. ಹೊಸ ಸಂಪರ್ಕಕ್ಕೆ ಹಣ ಮಂಜೂರು ಮಾಡುವ ಮುನ್ನ ಈ ಜೋಡಣೆಯನ್ನು ಪರಿಶೀಲಿಸುವುದು ಅವಶ್ಯ.

ಎರಡು ಉಪಕರಣಗಳ ಕಾರ್ಯ

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಎಂದು ಹೆಸರಾಯಿತು. ಫೈಬರ್‌ನಲ್ಲಿ ಬರುವ ಬೆಳಕಿನ ಸಂಕೇತವನ್ನು ಗಣಕಯಂತ್ರಕ್ಕೆ ಅರ್ಥವಾಗುವ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪೆಟ್ಟಿಗೆಯೇ ಒ.ಎನ್.ಟಿ. ಅನೇಕ ಒ.ಎನ್.ಟಿ.ಗಳು ರೂಟರ್‌ನ ಕೆಲಸವನ್ನೂ ತಾವೇ ನಿರ್ವಹಿಸುತ್ತವೆ. ಅಂದರೆ, ಪ್ರತಿ ಗಣಕಯಂತ್ರಕ್ಕೂ 192.168.1.5 ಎಂಬಂತಹ ಐ.ಪಿ. ವಿಳಾಸವನ್ನು ಹಂಚುತ್ತವೆ.

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಹಳ್ಳಿಗಳಲ್ಲಿ ದಪ್ಪ ಕಲ್ಲುಗೋಡೆಯ ಕಟ್ಟಡಗಳುಂಟು. ಇಂತಹ ಗೋಡೆಗಳನ್ನು ದಾಟುವಾಗ ವೈ-ಫೈ ಕ್ಷೀಣಿಸುತ್ತದೆ. ಆಗ ಎರಡನೆಯ ರೂಟರ್ ಖರೀದಿಸುವುದು ಸಹಜ.

ತೊಂದರೆ ಉಂಟಾಗುವ ಬಗೆ

ಒಂದೇ ಊರಿನ ಆಸ್ತಿಗಳಿಗೆ ಇಬ್ಬರು ಬೇರೆ ಬೇರೆಯಾಗಿ ಆಸ್ತಿ ಸಂಖ್ಯೆ ಕೊಡತೊಡಗಿದರೆ ಆಗುವ ಗೊಂದಲವೇ ಇಲ್ಲಿಯೂ ಆಗುತ್ತದೆ. ಒ.ಎನ್.ಟಿ. ಹಾಗೂ ರೂಟರ್ ಒಂದೇ ಜಾಲದಲ್ಲಿ ವಿಳಾಸ ಹಂಚಿದರೆ ಕೆಲವು ಗಣಕಯಂತ್ರಗಳಿಗೆ ಅಂತರ್ಜಾಲ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಪುನಃ ಚಾಲೂ ಮಾಡಿದಾಗ ಸರದಿ ಬದಲಾಗುತ್ತದೆ. ಎರಡೂ ಪೆಟ್ಟಿಗೆಗಳ ಸ್ವಂತ ವಿಳಾಸ 192.168.1.1 ಆಗಿದ್ದರಂತೂ ಸಂಪರ್ಕವೇ ನಿಲ್ಲಬಹುದು. ಆದ್ದರಿಂದ ಒಂದು ಜಾಲದಲ್ಲಿ ವಿಳಾಸ ಹಂಚುವ ಅಧಿಕಾರ ಒಂದೇ ಉಪಕರಣಕ್ಕೆ ಇರತಕ್ಕದ್ದು.

ಹೊಂದಿಸುವ ಕ್ರಮ

1. ಒ.ಎನ್.ಟಿ.ಯಲ್ಲಿ ಎಲ್.ಒ.ಎಸ್. ದೀಪ ಕೆಂಪಾಗಿ ಉರಿಯುತ್ತಿದ್ದರೆ ದೋಷ ಫೈಬರ್ ಮಾರ್ಗದಲ್ಲಿದೆ. ರೂಟರ್ ಬದಲಾಯಿಸಿ ಪ್ರಯೋಜನವಿಲ್ಲ. ನಿರ್ವಹಣಾ ಸಂಸ್ಥೆಗೆ ದೂರು ದಾಖಲಿಸಬೇಕು.

2. ದೀಪ ಸರಿಯಿದ್ದರೆ ಒಂದು ಗಣಕಯಂತ್ರವನ್ನು ನೇರವಾಗಿ ಒ.ಎನ್.ಟಿ.ಗೆ ಜೋಡಿಸಿ ನೋಡಬೇಕು. ಅಂತರ್ಜಾಲ ಬಂದರೆ ವಿಳಾಸ ಹಂಚುವ ಕೆಲಸ ಅಲ್ಲಿಯೇ ನಡೆಯುತ್ತಿದೆ ಎಂದರ್ಥ. ಬಾರದಿದ್ದು, ಸಂಪರ್ಕಕ್ಕೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ನೀಡಬೇಕಾಗಿದ್ದರೆ, ಆ ಕೆಲಸವನ್ನು ರೂಟರ್‌ಗೇ ವಹಿಸಬೇಕು. ಆಗ ಮುಂದಿನ ಹಂತ ಅನ್ವಯಿಸದು.

3. ಒ.ಎನ್.ಟಿ.ಯೇ ವಿಳಾಸ ಹಂಚುತ್ತಿದ್ದರೆ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಆಗಿ ಹೊಂದಿಸಬೇಕು. ಆ ಆಯ್ಕೆ ಇಲ್ಲದಿದ್ದಲ್ಲಿ ಅದರ ಸ್ವಂತ ವಿಳಾಸವನ್ನು 192.168.1.2 ಎಂಬಂತೆ ಬದಲಾಯಿಸಿ, ಡಿ.ಎಚ್.ಸಿ.ಪಿ. ನಿಲ್ಲಿಸಿ, ಒ.ಎನ್.ಟಿ.ಯಿಂದ ಬರುವ ಕೇಬಲ್ ಅನ್ನು ರೂಟರ್‌ನ ವ್ಯಾನ್ ಪೋರ್ಟ್‌ಗಲ್ಲದೆ ಲ್ಯಾನ್ ಪೋರ್ಟ್‌ಗೆ ಜೋಡಿಸಬೇಕು. ಒ.ಎನ್.ಟಿ. ಯೋಜನೆಯ ಸ್ವತ್ತಾದ್ದರಿಂದ ಅದರ ಸಂರಚನೆಯನ್ನು ಬದಲಾಯಿಸದಿರುವುದು ಸೂಕ್ತ.

4. ಸಾಮಾನ್ಯ ತಾಮ್ರದ ಲ್ಯಾನ್ ಕೇಬಲ್‌ನ ಮಿತಿ 100 ಮೀಟರ್. ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳಂತೆ ಕಟ್ಟಡಗಳು ದೂರದೂರ ಇರುವಲ್ಲಿ ಮಧ್ಯದಲ್ಲಿ ಸ್ವಿಚ್ ಅಥವಾ ಫೈಬರ್ ಬೇಕಾಗುತ್ತದೆ.

ಅರಿವು ಕೇಂದ್ರಕ್ಕೆ ಹಂಚುವಾಗ

ಆಕ್ಸೆಸ್ ಪಾಯಿಂಟ್ ವ್ಯವಸ್ಥೆಯಲ್ಲಿ ಎಲ್ಲ ಉಪಕರಣಗಳೂ ಒಂದೇ ಜಾಲದಲ್ಲಿರುತ್ತವೆ. ಕಚೇರಿಯ ಪ್ರಿಂಟರ್ ಬಳಕೆಗೆ ಇದು ಅನುಕೂಲ. ಆದರೆ ಅರಿವು ಕೇಂದ್ರದ ಓದುಗರ ಮೊಬೈಲ್‌ಗಳೂ ಡಿಜಿಟಲ್ ಸಹಿ ಬಳಸುವ ಗಣಕಯಂತ್ರವೂ ಒಂದೇ ಜಾಲದಲ್ಲಿರುವುದು ಸುರಕ್ಷಿತವಲ್ಲ. ಸಾರ್ವಜನಿಕರಿಗೆ ವೈ-ಫೈ ನೀಡುವ ಪಂಚಾಯತಿಗಳು ಅರಿವು ಕೇಂದ್ರಕ್ಕೆ ಒ.ಎನ್.ಟಿ.ಯಿಂದ ನೇರ ಸಂಪರ್ಕ ನೀಡಿ, ಕಚೇರಿಯನ್ನು ಎರಡನೆಯ ರೂಟರ್‌ನ ಹಿಂದೆ, 192.168.5 ಎಂದು ಆರಂಭವಾಗುವ ಪ್ರತ್ಯೇಕ ಸರಣಿಯಲ್ಲಿ ಇಡಬಹುದು. ಇಲ್ಲಿ ರೂಟರ್ ರೂಟರ್ ಆಗಿಯೇ ಇದ್ದು, ಕೇಬಲ್ ವ್ಯಾನ್ ಪೋರ್ಟ್‌ಗೆ ಬರುತ್ತದೆ. ಇದನ್ನು ತಿರುವು ಮುರುವಾಗಿ ಮಾಡಬಾರದು: ರೂಟರ್‌ನ ಹಿಂದಿರುವವರು ಮುಂದಿನ ಜಾಲವನ್ನು ತಲುಪಬಲ್ಲರು, ಮುಂದಿರುವವರು ಸಾಮಾನ್ಯವಾಗಿ ಹಿಂದಕ್ಕೆ ಬರಲಾರರು.

ಠರಾವಿಗೆ ಮುನ್ನ

ಅಂತರ್ಜಾಲದ ವೆಚ್ಚ ಸಭೆಯ ಮುಂದೆ ಬಂದಾಗ ಸದಸ್ಯರು ಮೂರು ಪ್ರಶ್ನೆ ಕೇಳಬೇಕು: ಒ.ಎನ್.ಟಿ.ಗೆ ನೇರವಾಗಿ ಜೋಡಿಸಿದಾಗ ವೇಗ ಎಷ್ಟು ಬಂದಿದೆ? ವಿಳಾಸ ಹಂಚುತ್ತಿರುವ ಉಪಕರಣ ಯಾವುದು? ಒ.ಎನ್.ಟಿ. ಮತ್ತು ರೂಟರ್ ಎರಡೂ ಯು.ಪಿ.ಎಸ್.ಗೆ ಜೋಡಣೆಯಾಗಿವೆಯೇ? ನೇರ ಜೋಡಣೆಯಲ್ಲಿ ವೇಗ ಸರಿಯಿದ್ದು ಕೊಠಡಿಗಳಲ್ಲಿ ಮಾತ್ರ ಕಡಿಮೆಯಿದ್ದರೆ ಹೆಚ್ಚಿನ ದರದ ಪ್ಲ್ಯಾನ್ ಬೇಕಿಲ್ಲ. ಒಂದು ಕೇಬಲ್ ಹಾಗೂ ಸರಿಯಾದ ಜೋಡಣೆ ಸಾಕು. ಉಳಿದ ಹಣ ಗ್ರಾಮದ ಬೇರೆ ಕಾಮಗಾರಿಗೆ ಒದಗುತ್ತದೆ.