ಪೋರ್ಟ್ ಎಣಿಸಿದರು, ವಾಟ್ ಎಣಿಸಲಿಲ್ಲ

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಐದು ತಾಲ್ಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ರಾಜ್ಯದ ಬೇರೆಲ್ಲ ಕಡೆಯಂತೆ ಇಲ್ಲಿಯೂ ಕಚೇರಿಗೆ ಹೋದವರಿಗೆ ಚೆನ್ನಾಗಿ ಪರಿಚಯವಿರುವ ಮಾತೊಂದಿದೆ: ‘ಸರ್ವರ್ ಇಲ್ಲ, ನಾಳೆ ಬರ್ರಿ.’ ಪಹಣಿಗೆ ಬಂದವರು, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಬಂದವರು, ಸಾಕ್ಷಿಗಳನ್ನು ಕರೆದುಕೊಂಡು ನೋಂದಣಿಗೆ ಬಂದವರು ಬೆಂಗಳೂರಿನ ಯಾವುದೋ ಸರ್ವರನ್ನು ಬೈದುಕೊಳ್ಳುತ್ತ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಆದರೆ ಬೈಗುಳ ಪ್ರತಿ ಸಲವೂ ಸರಿಯಾದ ವಿಳಾಸಕ್ಕೆ ಹೋಗುವುದಿಲ್ಲ. ಎಷ್ಟೋ ಬಾರಿ ತೊಂದರೆ ಇರುವುದು ಅದೇ ಕೋಣೆಯ ಬೀರುವಿನ ಮೇಲೆ ದೂಳು ಹಿಡಿದು ಕೂತ, ಹಸಿರು ದೀಪ ಮಿಣುಕಿಸುವ ಪೆಟ್ಟಿಗೆಯಲ್ಲಿ.

ಅದು ನೆಟ್‌ವರ್ಕ್ ಸ್ವಿಚ್. ಕಚೇರಿಯ ಕಂಪ್ಯೂಟರ್, ಪ್ರಿಂಟರುಗಳ ಕೇಬಲ್ಲೆಲ್ಲ ಬಂದು ಸೇರುವ ಜಾಗ. ಮೊದಲೆಲ್ಲ ಇದನ್ನು ಆರಿಸುವುದು ಒಂದು ಕೆಲಸವೇ ಆಗಿರಲಿಲ್ಲ. ಎಂಟು ಪೋರ್ಟಿನದೋ, ಹದಿನಾರರದೋ ಎಂದು ಕೇಳಿ ತಂದರೆ ಮುಗಿಯಿತು. ಈಗ ಸಿಸಿಟಿವಿ ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್, ಐಪಿ ಫೋನು, ಬಯೋಮೆಟ್ರಿಕ್ ಹಾಜರಾತಿ ಯಂತ್ರ ಎಲ್ಲವೂ ಅದಕ್ಕೇ ಜೋತುಬಿದ್ದಿವೆ. ಇವುಗಳಲ್ಲಿ ಹಲವಕ್ಕೆ ಡೇಟಾ ಕೊಟ್ಟರಷ್ಟೇ ಸಾಲದು, ಕರೆಂಟನ್ನೂ ಸ್ವಿಚ್ಚೇ ಕೊಡಬೇಕು. ಒಂದೇ ಲ್ಯಾನ್ ಕೇಬಲ್ಲಿನಲ್ಲಿ ಎರಡನ್ನೂ ಕಳಿಸುವ ಈ ಏರ್ಪಾಟಿನ ಹೆಸರು ಪವರ್ ಓವರ್ ಈಥರ್ನೆಟ್, ಅಂಗಡಿಯವರ ಬಾಯಲ್ಲಿ ‘ಪಿಒಇ’.

ತಾಲ್ಲೂಕು ಮಟ್ಟದ ಕಚೇರಿಗಳಿಗೆ ಕ್ಯಾಮೆರಾಗಳು ಹೀಗೆ ಬಂದು ಬೀಳಲು ಕಾರಣಗಳಿವೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಪೊಲೀಸ್ ಠಾಣೆಗೂ ಸಿಸಿಟಿವಿ ಕಡ್ಡಾಯ ಮಾಡಿತು. ಎಲ್ಲೆಲ್ಲಿ ಎಂಬುದನ್ನೂ ಪಟ್ಟಿ ಮಾಡಿತು: ಒಳಬರುವ–ಹೊರಹೋಗುವ ಬಾಗಿಲು, ಮುಖ್ಯ ಗೇಟು, ಎಲ್ಲ ಲಾಕಪ್ಪುಗಳು, ಕಾರಿಡಾರು, ವರಾಂಡ, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೊಠಡಿ, ಶೌಚಾಲಯದ ಹೊರಭಾಗ, ಠಾಣೆಯ ಹಿಂಬದಿ ಹೀಗೆ. ರಾತ್ರಿಯೂ ಕಾಣುವ, ಧ್ವನಿಯನ್ನೂ ಹಿಡಿಯುವ ಕ್ಯಾಮೆರಾ ಆಗಿರಬೇಕು. ದೃಶ್ಯವನ್ನು 18 ತಿಂಗಳು ಇಡಬೇಕು, ಸಾಧ್ಯವಾಗದಿದ್ದರೆ ಒಂದು ವರ್ಷಕ್ಕಂತೂ ಕಡಿಮೆಯಾಗಬಾರದು. ಆ ಪಟ್ಟಿ ಹಿಡಿದು ಒಂದು ಸಾಧಾರಣ ಠಾಣೆಯಲ್ಲಿ ಓಡಾಡಿದರೆ ಹನ್ನೆರಡು, ಹದಿನಾಲ್ಕು ಕ್ಯಾಮೆರಾ ಸುಲಭವಾಗಿ ಆಗುತ್ತವೆ. (ಹದಿನಾಲ್ಕು ಕ್ಯಾಮೆರಾ ಸೆಕೆಂಡಿಗೆ ತಲಾ 2 ಮೆಗಾಬಿಟ್ ಕಳಿಸಿದರೂ ದಿನಕ್ಕೆ ಸುಮಾರು 300 ಜಿಬಿ, ವರ್ಷಕ್ಕೆ 110 ಟಿಬಿ. ಹಾರ್ಡ್‌ಡಿಸ್ಕಿನ ಕಥೆಯೇ ಬೇರೆ ಲೇಖನವಾದೀತು.) 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂದ ಮೇಲೆ ಪರೀಕ್ಷಾ ಕೇಂದ್ರಗಳಾದ ಶಾಲೆಗಳಿಗೂ ಕ್ಯಾಮೆರಾದ ಲೆಕ್ಕಾಚಾರ ಬಂತು. ಹೆಡ್‌ಮಾಸ್ತರರೂ ಈಗ ಸ್ವಿಚ್ಚಿನ ಕೊಟೇಶನ್ ತರಿಸುತ್ತಾರೆ.

ಆ ಕೊಟೇಶನ್ನಿನಲ್ಲಿ ದೊಡ್ಡದಾಗಿ ಕಾಣುವುದು ಪೋರ್ಟಿನ ಸಂಖ್ಯೆ. ನೋಡಬೇಕಾದದ್ದು ಬೇರೆ.

ಪಿಒಇಗೆ ಮೊದಲ ಜಾಗತಿಕ ಮಾನದಂಡ ಬಂದದ್ದು 2003ರಲ್ಲಿ. ‘ಎಎಫ್’ ಎಂದು ಕರೆಯುವ ಅದರಲ್ಲಿ ಸ್ವಿಚ್ಚಿನ ಒಂದು ಪೋರ್ಟ್ 15.4 ವಾಟ್ ಕೊಡಬಲ್ಲದು. ನೂರು ಮೀಟರ್ ಕೇಬಲ್ ದಾಟುವಾಗ ಆಗುವ ನಷ್ಟ ಕಳೆದು ಆ ತುದಿಯ ಸಾಧನಕ್ಕೆ 12.95 ವಾಟ್ ಖಾತ್ರಿ. 2009ರ ‘ಎಟಿ’, ಅಂದರೆ ಪಿಒಇ ಪ್ಲಸ್, ಇದನ್ನು 30 ವಾಟ್‌ಗೆ ಏರಿಸಿತು, ಸಾಧನಕ್ಕೆ ಸಿಗುವುದು 25.5. 2018ರ ‘ಬಿಟಿ’ಯಲ್ಲಿ 60, 90 ವಾಟ್‌ವರೆಗೂ ಉಂಟು, ತಾಲ್ಲೂಕು ಕಚೇರಿಗೆ ಅದರ ಅಗತ್ಯ ಸದ್ಯ ಕಡಿಮೆ. ಕೇಬಲ್ಲಿನಲ್ಲಿ ಕರೆಂಟು ಹರಿದರೆ ಲ್ಯಾಪ್‌ಟಾಪ್ ಸುಟ್ಟುಹೋದೀತು ಎಂದು ಹೆದರುವವರಿದ್ದಾರೆ. ಮಾನದಂಡದಂತೆ ಮಾಡಿದ ಸ್ವಿಚ್ ಮೊದಲು ಹತ್ತು ವೋಲ್ಟಿಗೂ ಕಡಿಮೆ ಒತ್ತಡ ಕೊಟ್ಟು, ಆ ತುದಿಯಲ್ಲಿ 25 ಕಿಲೊ ಓಮ್‌ನ ಗುರುತಿನ ರೆಸಿಸ್ಟರ್ ಇದೆಯೇ ಎಂದು ತಡಕಿ ನೋಡುತ್ತದೆ. ಇದ್ದರಷ್ಟೇ 48 ವೋಲ್ಟಿನ ಆಸುಪಾಸಿನ ವಿದ್ಯುತ್ ಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಅದಿಲ್ಲ, ಹಾಗಾಗಿ ಕರೆಂಟೂ ಹೋಗುವುದಿಲ್ಲ. ‘ಪ್ಯಾಸಿವ್ ಪಿಒಇ’ ಎಂದು ಅಗ್ಗಕ್ಕೆ ಸಿಗುವ ಪೆಟ್ಟಿಗೆಗಳಿಗೆ ಈ ವಿಚಾರಣೆ ಗೊತ್ತಿಲ್ಲ. ಸಿಕ್ಕಿದ್ದಕ್ಕೆಲ್ಲ ವಿದ್ಯುತ್ ನುಗ್ಗಿಸುತ್ತವೆ. ಅವನ್ನು ಕಚೇರಿಯೊಳಗೆ ತರದಿರುವುದೇ ಒಳ್ಳೆಯದು.

ಇನ್ನು ಲೆಕ್ಕ. ‘16 ಪೋರ್ಟ್ ಪಿಒಇ ಪ್ಲಸ್, ಪ್ರತಿ ಪೋರ್ಟಿಗೆ 30 ವಾಟ್’ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಹದಿನಾರನ್ನು ಮೂವತ್ತರಿಂದ ಗುಣಿಸಿದರೆ 480. ಆದರೆ ಅದೇ ಡಬ್ಬದ ಬದಿಯಲ್ಲಿ, ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, ‘ಒಟ್ಟು ಪಿಒಇ ಬಜೆಟ್ 120 ವಾಟ್’ ಎಂದಿರಬಹುದು. ಓವರ್‌ಹೆಡ್ ಟ್ಯಾಂಕಿಗೆ ಹದಿನಾರು ನಲ್ಲಿ ಹಾಕಿಸಿದ ಮಾತ್ರಕ್ಕೆ ಟ್ಯಾಂಕಿನ ನೀರು ಹೆಚ್ಚುವುದಿಲ್ಲವಲ್ಲ. ಒಂದು ಕಚೇರಿಯಲ್ಲಿ ಹತ್ತು ಕ್ಯಾಮೆರಾ, ಮೂರು ಆಕ್ಸೆಸ್ ಪಾಯಿಂಟ್, ಮೂರು ಐಪಿ ಫೋನು ಇವೆ ಎಂದಿಟ್ಟುಕೊಳ್ಳಿ. ಆಕ್ಸೆಸ್ ಪಾಯಿಂಟಿಗೆ ತಲಾ 15 ವಾಟ್, ಫೋನಿಗೆ ತಲಾ 5: ಒಟ್ಟು 60. ಹಗಲು ಕ್ಯಾಮೆರಾಕ್ಕೆ ನಾಲ್ಕೂವರೆ ವಾಟ್ ಸಾಕು, ಅದು 45. ಕೂಡಿದರೆ 105, ಅಂದರೆ ಪೆಟ್ಟಿಗೆಗೆ ಆರಾಮ. ಸಂಜೆ ಕತ್ತಲಾಗುತ್ತಲೇ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ತಲಾ ಎಂಟು ವಾಟ್ ಎಂದರೂ ಕ್ಯಾಮೆರಾಗಳದ್ದೇ 80, ಒಟ್ಟು 140. ಬಜೆಟ್ಟು ಮೀರಿತು. ಸ್ವಿಚ್ ಎರಡು ಮೂರು ಪೋರ್ಟುಗಳ ಕರೆಂಟು ಕಡಿದುಹಾಕುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಂದ ತಂತ್ರಜ್ಞನಿಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ. ‘ಏನೂ ತೊಂದ್ರೆ ಇಲ್ರೀ’ ಎಂದು ವಿಸಿಟಿಂಗ್ ಚಾರ್ಜ್ ಇಸಿದುಕೊಂಡು ಹೋಗುತ್ತಾನೆ. ರಾತ್ರಿ ಮತ್ತೆ ಅದೇ ಗೋಳು. ಹೀಗಿರುವ ಕಚೇರಿಗೆ 180ರಿಂದ 250 ವಾಟ್ ಬಜೆಟ್ಟಿನ ಸ್ವಿಚ್ ಬೇಕು. ಕೊಟ್ಟೂರಿನ ರಥೋತ್ಸವಕ್ಕೋ ಮೈಲಾರದ ಕಾರ್ಣಿಕಕ್ಕೋ ಬಂದೋಬಸ್ತಿನ ಕ್ಯಾಮೆರಾ ಇನ್ನೆರಡು ಸೇರಿದರೂ ಆ ಬಜೆಟ್ಟು ತಡೆದುಕೊಳ್ಳುತ್ತದೆ, ಪೋರ್ಟು ಖಾಲಿ ಇರಬೇಕಷ್ಟೆ.

ಎರಡನೆಯ ಆಯ್ಕೆ ‘ಮ್ಯಾನೇಜ್ಡ್’ ಬೇಕೋ ಬೇಡವೋ ಎಂಬುದು. ಬ್ರೌಸರ್ ತೆರೆದು ಒಳಹೊಕ್ಕು ಒಂದೊಂದು ಪೋರ್ಟಿಗೂ ಅಪ್ಪಣೆ ಕೊಡಬಹುದಾದ ಸ್ವಿಚ್ ಅದು. ಬೆಲೆ ಹೆಚ್ಚು. ‘ನಮ್ಮಂಥ ಸಣ್ಣ ಆಫೀಸಿಗೆ ಯಾಕ್ರೀ?’ ಎಂಬ ಪ್ರಶ್ನೆ ಸಹಜ. ಆದರೆ ಈ ಐದು ತಾಲ್ಲೂಕುಗಳಲ್ಲಿ ಉತ್ತರ ಬೆಂಗಳೂರಿಗಿಂತ ಸುಲಭ, ಏಕೆಂದರೆ ಇಲ್ಲಿ ರಿಪೇರಿಯವನು ದೂರದಲ್ಲಿದ್ದಾನೆ. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಕೂಡ್ಲಿಗಿ, ಹಡಗಲಿಗೆ ಅದೂ ಇಲ್ಲ, ಬಸ್ಸೇ ಗತಿ. ಕಂಬದ ಮೇಲಿನ ಕ್ಯಾಮೆರಾ ಹ್ಯಾಂಗ್ ಆದರೆ ಅದಕ್ಕೆ ಬೇಕಾದ ಚಿಕಿತ್ಸೆ ಹೆಚ್ಚಿನ ಸಲ ಒಂದೇ: ಕರೆಂಟು ತೆಗೆದು ಹಾಕುವುದು. ಮ್ಯಾನೇಜ್ಡ್ ಪಿಒಇ ಸ್ವಿಚ್ ಇದ್ದರೆ ಏಣಿ ಬೇಡ, ಬಸ್ಸೂ ಬೇಡ. ಹೊಸಪೇಟೆಯಲ್ಲೇ ಕುಳಿತು ಏಳನೆಯ ಪೋರ್ಟಿನ ವಿದ್ಯುತ್ತನ್ನು ಹತ್ತು ಸೆಕೆಂಡು ನಿಲ್ಲಿಸಿ ಮತ್ತೆ ಕೊಡಬಹುದು. ಒಂದೆರಡು ವರ್ಷದಲ್ಲಿ ಉಳಿಯುವ ಓಡಾಟದ ಖರ್ಚು ಬೆಲೆಯ ವ್ಯತ್ಯಾಸವನ್ನು ಮುಚ್ಚಿಹಾಕೀತು. ಕರೆಂಟು ಸಾಲದಾದಾಗ ಮೊದಲು ಯಾವ ಪೋರ್ಟ್ ಬಿಡಬೇಕು, ಯಾವುದನ್ನು ಕೊನೆಯವರೆಗೂ ಉಳಿಸಬೇಕು ಎಂದೂ ಹೇಳಿಡಬಹುದು. ಲಾಕಪ್ಪಿನ ಕ್ಯಾಮೆರಾ ಉಳಿಯಲಿ, ಸಭಾಂಗಣದ ವೈಫೈ ಹೋದರೆ ಹೋಗಲಿ.

ಲೂಪ್ ಎಂಬ ಇನ್ನೊಂದು ಕಾಟವಿದೆ. ಕಸ ಗುಡಿಸುವಾಗ ಬಿಚ್ಚಿಬಿದ್ದ ಕೇಬಲ್ಲನ್ನು ಯಾರೋ ಉಪಕಾರ ಮಾಡಲು ಹೋಗಿ, ಅದರ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚುತ್ತಾರೆ. ಸಂದೇಶಗಳು ಸುತ್ತಿ ಸುತ್ತಿ ನಿಮಿಷದೊಳಗೆ ಇಡೀ ಕಚೇರಿಯ ಜಾಲ ಕೂತುಬಿಡುತ್ತದೆ. ಇದಕ್ಕೆ ಮದ್ದನ್ನು ಅಮೆರಿಕದ ರೇಡಿಯಾ ಪರ್ಲ್‌ಮನ್ 1985ರಲ್ಲೇ ಕಂಡುಹಿಡಿದರು. ಸ್ಪ್ಯಾನಿಂಗ್ ಟ್ರೀ ಎಂಬ ಆ ವಿಧಾನ ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಇದ್ದೇ ಇರುತ್ತದೆ. ಸುತ್ತು ಬಿದ್ದ ಪೋರ್ಟನ್ನು ಗುರುತಿಸಿ ಮುಚ್ಚುತ್ತದೆ. ವಿ–ಲ್ಯಾನ್ ಕೂಡ ಅಷ್ಟೇ ಮುಖ್ಯ. ಕ್ಯಾಮೆರಾಗಳನ್ನು ಒಂದು ಗುಂಪಿಗೆ, ಕೌಂಟರಿನ ಕಂಪ್ಯೂಟರುಗಳನ್ನು ಇನ್ನೊಂದಕ್ಕೆ, ಬಂದವರ ಮೊಬೈಲಿನ ವೈಫೈಯನ್ನು ಮತ್ತೊಂದಕ್ಕೆ ಹಾಕಿದರೆ ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕಲಾರರು. ಹೊರಗೋಡೆಯ ಕ್ಯಾಮೆರಾದ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿಕೊಂಡವನಿಗೆ ಪಹಣಿಯ ‘ಭೂಮಿ’ ತಂತ್ರಾಂಶದ, ಖಜಾನೆಯ ಕಂಪ್ಯೂಟರುಗಳು ಕಾಣಬಾರದು. ಸೈಬರ್ ಸುರಕ್ಷತೆಯ ಕೇಂದ್ರ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸರ್ಕಾರಿ ಕಚೇರಿಗಳಿಗೂ ಅನ್ವಯ: ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರಗಳು ಅಧಿಕೃತ ಸಮಯಕ್ಕೆ ಹೊಂದಿರಬೇಕು. ಅಪ್ಪಣೆ ಕೇಳದ ಅಗ್ಗದ ಸ್ವಿಚ್ಚಿಗೆ ಲಾಗೂ ಇಲ್ಲ, ಗಡಿಯಾರವೂ ಇಲ್ಲ.

ಒಂದು ಎಚ್ಚರಿಕೆ: ‘ಕ್ಲೌಡ್ ಮ್ಯಾನೇಜ್ಡ್’ ಎಂದು ಬರುವ ಕೆಲವಕ್ಕೆ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಬೇಕು. ಮೂರು ವರ್ಷದ ನಂತರ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಕಟ್ಟುವುದು ಎಂದು ಗೊತ್ತಿಲ್ಲದ ಕಚೇರಿ ಆ ತಂಟೆಗೆ ಹೋಗಬಾರದು.

ಇಲ್ಲಿನ ಬಿಸಿಲನ್ನು ಕ್ಯಾಟಲಾಗ್ ಬರೆಯುವವರು ಕಂಡಿಲ್ಲ. ಅಗ್ಗದ ಸ್ವಿಚ್ಚುಗಳಲ್ಲಿ ಹಲವು 40 ಡಿಗ್ರಿವರೆಗೆ ಮಾತ್ರ ಭರವಸೆ ಕೊಡುತ್ತವೆ. ಬಳ್ಳಾರಿ ಸೀಮೆಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ನೆರಳೇ ಅಷ್ಟಿರುತ್ತದೆ, ಮುಚ್ಚಿದ ರ‍್ಯಾಕಿನೊಳಗೆ ಇನ್ನೂ ಹೆಚ್ಚು. 50 ಡಿಗ್ರಿ ಎಂದು ಬರೆದದ್ದನ್ನೇ ಕೇಳಬೇಕು. ಫ್ಯಾನ್ ಇರುವುದಾದರೆ ತಿಂಗಳಿಗೊಮ್ಮೆ ದೂಳು ಊದಿಸಬೇಕು. ಅದೇ ಬೇಸಿಗೆಯ ಗುಡುಗು ಮಳೆಯಲ್ಲಿ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿ ಎಳೆದ ತಾಮ್ರದ ಕೇಬಲ್ ಸಿಡಿಲಿಗೆ ದಾರಿ ಮಾಡಿಕೊಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಎಳೆಯುವುದೇ ಸರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಅದಕ್ಕಾಗಿ ಸ್ವಿಚ್ಚಿನಲ್ಲಿ ಎಸ್‌ಎಫ್‌ಪಿ ಕಿಂಡಿ ಎರಡಾದರೂ ಇರಲಿ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಎಷ್ಟು ವರ್ಷವಾಯಿತು ಎಂದೂ ಕೇಳಿಕೊಳ್ಳಬೇಕು.

ಕೇಬಲ್ಲಿನಲ್ಲಂತೂ ಮೋಸವೇ ಇದೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ‘ಸಿಸಿಎ’ ಕೇಬಲ್ ಅರ್ಧ ಬೆಲೆಗೆ ಸಿಗುತ್ತದೆ. ಡೇಟಾ ಹೇಗೋ ಹೋದೀತು. ವಿದ್ಯುತ್ತಿಗೆ ಅದರ ಅಡ್ಡಿ ಹೆಚ್ಚು, ದೂರದ ಕ್ಯಾಮೆರಾ ರಾತ್ರಿ ಆರಿ ಹೊತ್ತಿ ಆಡುತ್ತದೆ, ಕೇಬಲ್ ಕಟ್ಟು ಬೆಚ್ಚಗಾಗುತ್ತದೆ. ಪತ್ತೆ ಸುಲಭ. ಒಂದಿಂಚು ಸುಲಿದು ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ: ಕೆಂಪೇ ಉಳಿದರೆ ತಾಮ್ರ, ಬೆಳ್ಳಗೆ ಹೊಳೆದರೆ ವಾಪಸ್ ಕಳಿಸಿ.

ಕರೆಂಟು ಹೋದಾಗಿನ ಮಾತು ಉಳಿಯಿತು. ಎಲ್ಲ ಸಾಧನಗಳಿಗೂ ವಿದ್ಯುತ್ ಒಂದೇ ಪೆಟ್ಟಿಗೆಯಿಂದ ಹೋಗುವುದರಿಂದ, ಅದೊಂದಕ್ಕೆ ಬ್ಯಾಟರಿ ಕೊಟ್ಟರೆ ಇಡೀ ಕಚೇರಿಯ ಕ್ಯಾಮೆರಾ, ವೈಫೈ, ಫೋನು ಬದುಕುತ್ತವೆ. ಪಿಒಇಯ ನಿಜವಾದ ಲಾಭ ಇದೇ. ತಾಲ್ಲೂಕು ಊರುಗಳಿಗೆ ಅದು ಬೇಕಾಗುವುದೂ ಇದಕ್ಕೇ. ಮೇಲಿನ ಲೆಕ್ಕದ ಕಚೇರಿ ಗೋಡೆಯ ಪ್ಲಗ್ಗಿನಿಂದ ಸುಮಾರು 180 ವಾಟ್ ಎಳೆಯುತ್ತದೆ. ಕಂಪ್ಯೂಟರ್ ಪಕ್ಕದ ಪುಟ್ಟ ಯುಪಿಎಸ್‌ನೊಳಗಿನ 12 ವೋಲ್ಟ್, 7 ಆಂಪಿಯರ್–ಅವರ್ ಬ್ಯಾಟರಿ ಅದನ್ನು ಅರ್ಧ ಗಂಟೆಯೂ ನಡೆಸದು. 150 ಆಂಪಿಯರ್–ಅವರ್‌ನ ಇನ್ವರ್ಟರ್ ಬ್ಯಾಟರಿ ನಾಲ್ಕೈದು ಗಂಟೆ ತಾಳೀತು. ಇನ್ವರ್ಟರಿನ ಹಿಂಬದಿಯ ಗುಂಡಿ ‘ಯುಪಿಎಸ್’ ಮೋಡಿನಲ್ಲಿರಲಿ. ಇಲ್ಲದಿದ್ದರೆ ಕರೆಂಟು ಹೋದ ಕ್ಷಣದ ಅಂತರಕ್ಕೇ ಸ್ವಿಚ್ ಆರಿ, ಮತ್ತೆ ಮೊದಲಿನಿಂದ ಎದ್ದು, ಅದರ ಹಿಂದೆ ಕ್ಯಾಮೆರಾಗಳು ಒಂದೊಂದಾಗಿ ಎದ್ದು, ಕೆಲವು ನಿಮಿಷಗಳ ದೃಶ್ಯ ಮಾಯ.

ಸರ್ಕಾರಿ ಖರೀದಿಯಲ್ಲಿ ಕಡಿಮೆ ದರ ಹಾಕಿದವನಿಗೇ ಆದೇಶ. ಆದ್ದರಿಂದ ಟೆಂಡರಿನ ಭಾಷೆಯೇ ಸ್ವಿಚ್ಚನ್ನು ಆರಿಸುತ್ತದೆ. ‘16 ಪೋರ್ಟ್ ಪಿಒಇ ಸ್ವಿಚ್’ ಎಂದಷ್ಟೇ ಬರೆದರೆ 120 ವಾಟಿನದೇ ಬರುತ್ತದೆ, ಬಂದಿದ್ದು ತಪ್ಪೆನ್ನಲೂ ಆಗುವುದಿಲ್ಲ. ಒಟ್ಟು ಬಜೆಟ್ ಎಷ್ಟು ವಾಟ್, ಎಷ್ಟು ಡಿಗ್ರಿ, ಎಲ್ಲ ಪೋರ್ಟ್ ಗಿಗಾಬಿಟ್ಟೇ, ಎಸ್‌ಎಫ್‌ಪಿ ಎಷ್ಟು, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಬದಲಿ ಎಷ್ಟು ದಿನದಲ್ಲಿ ಎಂಬುದೆಲ್ಲ ಕಾಗದದಲ್ಲಿರಬೇಕು. ದೂರಸಂಪರ್ಕ ಇಲಾಖೆಯ ಟಿಇಸಿ ಪ್ರಮಾಣಪತ್ರ ಕೇಳಬೇಕು; ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಹೊಸ ಸುರಕ್ಷತಾ ಪರೀಕ್ಷೆಯೂ ಕಡ್ಡಾಯವಾಗಿದೆ. ಡಬ್ಬದೊಂದಿಗೆ ಬಂದ ‘ಅಡ್ಮಿನ್’ ಪಾಸ್‌ವರ್ಡನ್ನು ಬದಲಿಸಿ, ಹೊಸದನ್ನು ಕಚೇರಿಯ ಮುಖ್ಯಸ್ಥರ ಲಕೋಟೆಗೆ ಹಾಕಿಸಬೇಕು. ಹಾಕಿದ ಹುಡುಗನ ಮೊಬೈಲಿನಲ್ಲಿ ಮಾತ್ರ ಉಳಿದರೆ ಅವನು ಕೆಲಸ ಬಿಟ್ಟ ದಿನ ಸ್ವಿಚ್ಚೂ ಕೈಬಿಟ್ಟಂತೆ. ಬಿಲ್ ಪಾಸು ಮಾಡುವ ಪರಿಶೀಲನೆಯನ್ನು ಸಂಜೆ ಏಳರ ಮೇಲೆ ಇಟ್ಟುಕೊಳ್ಳುವುದು ವಾಸಿ: ಎಲ್ಲ ಕ್ಯಾಮೆರಾಗಳ ರಾತ್ರಿದೀಪ ಹೊತ್ತಿರುವಾಗ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಮೇಲೆ ಎರಡು ಗಂಟೆ ಓಡಿಸಿ, ಮಾನಿಟರಿನಲ್ಲಿ ಎಷ್ಟು ಚೌಕ ಕಪ್ಪಾದವು ಎಂದು ಎಣಿಸಿ ಆಮೇಲೆ ಸಹಿ.