ಮಧುಮೇಹಿಯ ಮನಸ್ಸಿಗೂ ಚಿಕಿತ್ಸೆ



ಒಂದನೆಯ ಬಗೆಯ ಮಧುಮೇಹವು ಸಿಹಿ ತಿಂದುದರಿಂದ ಬರುವ ಕಾಯಿಲೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ನಾಶಪಡಿಸುವುದರಿಂದ ಅದು ಉಂಟಾಗುತ್ತದೆ. 1922ರಲ್ಲಿ ಟೊರಾಂಟೊ ನಗರದಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ನೀಡಿದಂದಿನಿಂದ ಈ ರೋಗಿಗಳ ಜೀವ ಉಳಿಯುವಂತಾಯಿತು. ಆದರೆ ಅನ್ನ, ಚಪಾತಿಗಳ ಲೆಕ್ಕವಿಟ್ಟು ಪ್ರತಿ ಊಟಕ್ಕೂ ಮದ್ದಿನ ಪ್ರಮಾಣವನ್ನು ನಿರ್ಧರಿಸುವ ಹೊಣೆ ಜೀವನಪರ್ಯಂತ ಅವರದೇ.

ಈ ಹೊರೆಯಿಂದ ಹುಟ್ಟುವ ದಣಿವು, ಅಪರಾಧಿ ಭಾವನೆ, ನಿದ್ರೆಯಲ್ಲಿ ಸಕ್ಕರೆ ಕುಸಿದೀತೆಂಬ ಭಯಗಳನ್ನು ತಜ್ಞರು ಖಿನ್ನತೆಯಿಂದ ಬೇರೆಯಾಗಿ ಗುರುತಿಸುತ್ತಾರೆ. ಇವುಗಳನ್ನು ಅಳೆಯಲು ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದ ತಜ್ಞರು ರೂಪಿಸಿದ ಪ್ರಶ್ನೆಗಳ ಪಟ್ಟಿ 1995ರಲ್ಲಿ ಪ್ರಕಟವಾಯಿತು.

"ಒಮ್ಮೆ ಸಕ್ಕರೆ ಏರಿತು, ಇನ್ನು ಎಲ್ಲವೂ ವ್ಯರ್ಥ" ಎಂಬಂಥ ಆಲೋಚನೆಗಳನ್ನು ಗುರುತಿಸಿ, ಪರಿಶೀಲಿಸಿ, ನಡವಳಿಕೆಯನ್ನು ತಿದ್ದಿಕೊಳ್ಳಲು ಮನೋಚಿಕಿತ್ಸೆ ನೆರವಾಗುತ್ತದೆ. ಇಂಗ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ದಾದಿಯರು ವಯಸ್ಕ ರೋಗಿಗಳಿಗೆ ಇಂಥ ಚಿಕಿತ್ಸೆಯನ್ನು ಪ್ರೇರಣಾತ್ಮಕ ಸಂವಾದದೊಡನೆ ನೀಡಿದರು. ವರ್ಷದ ಕೊನೆಗೆ, ಎಂದಿನ ಆರೈಕೆಯಷ್ಟೇ ಪಡೆದವರಿಗಿಂತ ಅವರ ಎಚ್‌ಬಿಎ1ಸಿ ಪ್ರಮಾಣವು ಸುಮಾರು ಅರ್ಧ ಶೇಕಡಾಂಶದಷ್ಟು ಕಡಿಮೆಯಿತ್ತು. ಕೇವಲ ಪ್ರೇರಣೆಯ ಮಾತುಗಳಿಂದ ಅಷ್ಟು ಸ್ಪಷ್ಟ ಪ್ರಯೋಜನ ಕಾಣಲಿಲ್ಲ.

ನಮ್ಮ ಮನೆಗಳಲ್ಲಿ ಮದುವೆಯ ಮಾತು ಕೆಟ್ಟೀತೆಂದು ರೋಗವನ್ನೇ ಮುಚ್ಚಿಡುವುದುಂಟು, "ಮತ್ತೆ ಸಿಹಿ ತಿಂದೆಯೇನು?" ಎಂಬ ವಿಚಾರಣೆಯೂ ಉಂಟು. ಇವೆರಡೂ ಆ ಹೊರೆಯನ್ನು ಹೆಚ್ಚಿಸುತ್ತವೆ. ಮುಂದಿನ ತಪಾಸಣೆಯಲ್ಲಿ ಮನಸ್ಸಿನ ದಣಿವನ್ನೂ ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸುವಂತೆ ನಮ್ಮವರಿಗೆ ಧೈರ್ಯ ಹೇಳೋಣ.