ರೋಗ ಹೋಯಿತು, ಭಯ ಹೋಯಿತೆ?

ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂಬ ಮಾತಿದೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ. ಕೋವಿಡ್ ಕಾಲದಲ್ಲಿ ಇದು ಮನೆಮನೆಯ ಅನುಭವವಾಯಿತು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಸಾರಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಪಕ್ಕದ ಮನೆಯವರು ಕೆಮ್ಮಿದರೂ ಎದೆ ಝಲ್ಲೆನ್ನುತ್ತಿತ್ತು. ತೀರಿಕೊಂಡವರ ಮುಖ ನೋಡಲೂ ಆಗದೆ ಎಷ್ಟೋ ಮಂದಿ ದುಃಖವನ್ನು ಒಳಗೇ ನುಂಗಿಕೊಂಡರು. ಆ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಹಾಗೂ ಖಿನ್ನತೆ ಶೇ. 25ರಷ್ಟು ಹೆಚ್ಚಿದವು, ಯುವಜನರು ಮತ್ತು ಮಹಿಳೆಯರು ಹೆಚ್ಚು ಬಳಲಿದರು ಎಂದು ಇದೇ ಸಂಸ್ಥೆ 2022ರಲ್ಲಿ ತಿಳಿಸಿತು.

ಏಕೆ ಹೀಗೆ? ಅಪಾಯ ಎದುರಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಹಾವು ಕಂಡಾಗ ಓಡಲು ಇವು ಬೇಕು. ಹಾವು ಹೋದ ಮೇಲೆ ದೇಹ ಶಾಂತವಾಗುತ್ತದೆ. ಆದರೆ ಕಣ್ಣಿಗೆ ಕಾಣದ ವೈರಸ್ ಹೋಯಿತೆಂದು ಹೇಳುವವರಾರು? ತಿಂಗಳುಗಟ್ಟಲೆ ಹೀಗೇ ಇದ್ದರೆ ನಿದ್ದೆ ಕೆಡುತ್ತದೆ, ಏಕಾಗ್ರತೆ ಕುಗ್ಗುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ.

ವಿದ್ಯಾರ್ಥಿಗಳಿಗೆ ಇದರ ಜೊತೆಗೆ ಅನಿಶ್ಚಿತತೆಯ ಹೊರೆ. 2020ರ ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಮರುವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಹಿಂದಿನ ಅಂಕಗಳ ಆಧಾರದ ಮೇಲೆ ಫಲಿತಾಂಶ ಬಂತು. ಆಟವಿಲ್ಲ, ಗೆಳೆಯರಿಲ್ಲ, ಇದ್ದದ್ದು ಮೊಬೈಲ್ ಒಂದೇ. ಪಾಠ ಕೇಳು ಎಂದು ಅದನ್ನು ಕೈಗಿತ್ತವರು ನಾವೇ. ಇಂದು ಅದನ್ನು ಬಿಡುವುದಿಲ್ಲವೆಂದು ಬಯ್ಯುವವರೂ ನಾವೇ!

ಮಗು ಮಂಕಾಗಿದ್ದರೆ, ಜನರೊಡನೆ ಬೆರೆಯಲು ಹಿಂಜರಿದರೆ ಅದನ್ನು ಸೋಮಾರಿತನವೆಂದು ಹಳಿಯಬೇಡಿ. ಆ ದಿನಗಳಲ್ಲಿ ಮನೆಯಲ್ಲಿ ಸಾವು ಕಂಡ, ಅಪ್ಪನ ಕೆಲಸ ಹೋದದ್ದನ್ನು ನೋಡಿದ ಮಕ್ಕಳೂ ಇದ್ದಾರೆ. ಉಪದೇಶಕ್ಕೆ ಮೊದಲು ಅವರ ಮಾತು ಕೇಳಿ. ರಾತ್ರಿಯ ಊಟವಾದರೂ ಜೊತೆಯಲ್ಲಿ ಆಗಲಿ. ನಿಮಗೂ ಭಯವಾಗಿತ್ತೆಂದು ಹೇಳಿಕೊಳ್ಳಿ. ಅದರಿಂದ ನಿಮ್ಮ ಗೌರವವೇನೂ ಕಡಿಮೆಯಾಗದು.

ವಿದ್ಯಾರ್ಥಿಗಳೇ, ಬೇಸರ ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡವೆನಿಸಿದರೆ ಮುಚ್ಚಿಡಬೇಡಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಸಂಖ್ಯೆ 14416. ಜ್ವರಕ್ಕೆ ವೈದ್ಯರ ಬಳಿ ಹೋಗಲು ನಾಚದ ನಾವು ಮನಸ್ಸಿನ ನೋವಿಗೆ ಏಕೆ ನಾಚಬೇಕು?

ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿಯಲ್ಲ ಎಂದು 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಮನಸ್ಸಿನ ಭಯ ಮುಗಿಯಿತೆಂದು ಯಾವ ಸಂಸ್ಥೆಯೂ ಸಾರಲಾರದು. ಅದನ್ನು ಮನೆಯವರೇ ಒಬ್ಬರನ್ನೊಬ್ಬರು ಕೇಳಿ ತಿಳಿಯಬೇಕು.